ಷರತ್ತುಗಳು ಅನ್ವಯ

ಯಾರದಾದರೂ ಕೋಡ್ ರಿವ್ಯೂಗೆ ಬಂದರೆ ನಾನು ಮುಖ್ಯ ಲಾಜಿಕ್ಕನ್ನು ಆಮೇಲೆ ಓದುತ್ತೇನೆ. ಮೊದಲು ಎಕ್ಸೆಪ್ಶನ್ ಎಲ್ಲೆಲ್ಲಿ ಹಾಕಿದ್ದಾರೆ ಅಂತ ಹುಡುಕುತ್ತೇನೆ. ಬರೆದವನಿಗೆ ಯಾವುದರ ಹೆದರಿಕೆ ಇತ್ತು ಅನ್ನೋದು ಅಲ್ಲಿ ಸಿಕ್ಕಿಬಿಡುತ್ತೆ. ಜಾನ್ ಲಾಕ್ ಸಹಿಷ್ಣುತೆಯ ಬಗ್ಗೆ ಬರೆದ ಪತ್ರವನ್ನು ಮೆಟ್ರೋದಲ್ಲಿ ಹೋಗ್ತಾ ಬರ್ತಾ ಓದುವಾಗಲೂ ಈ ಚಾಳಿ ಬಿಡಲಿಲ್ಲ. ಸಣ್ಣ ಪುಸ್ತಕ. ಇಂಗ್ಲೆಂಡಿನಿಂದ ಓಡಿಹೋಗಿ ಹಾಲೆಂಡಿನಲ್ಲಿದ್ದಾಗ, 1685ರಲ್ಲಿ, ಲಾಕ್ ಅದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದ. 1689ರಲ್ಲಿ ಲೇಖಕನ ಹೆಸರಿಲ್ಲದೆ ಅಚ್ಚಾಯಿತು, ಅದೇ ವರ್ಷ ವಿಲಿಯಂ ಪಾಪಲ್ ಇಂಗ್ಲಿಷಿಗೆ ತಂದ. ಧರ್ಮ ಬೇರೆ, ಸರ್ಕಾರ ಬೇರೆ ಅಂತ ಯಾರು ಭಾಷಣ ಮಾಡಿದರೂ ಈ ಪತ್ರದ ಹೆಸರು ಒಮ್ಮೆ ಬಂದುಹೋಗುತ್ತದೆ. ಅವರೆಲ್ಲ ಪೂರ್ತಿ ಓದಿರುತ್ತಾರೆ ಅನ್ನೋ ನಂಬಿಕೆ ನನಗಿಲ್ಲ.

ಮುಕ್ಕಾಲು ಭಾಗ ನಿಜಕ್ಕೂ ಚೆನ್ನಾಗಿದೆ. ಸರ್ಕಾರದ ಕೆಲಸ ಜನರ ಜೀವ, ಸ್ವಾತಂತ್ರ್ಯ, ಆರೋಗ್ಯ, ಹೊಲಮನೆ ಕಾಯುವುದು. ಆತ್ಮದ ಉದ್ಧಾರ ಅದರ ಇಲಾಖೆ ಅಲ್ಲ. ಬಡಿಗೆ ಹಿಡಿದು ಒಬ್ಬನನ್ನು ಚರ್ಚಿನ ಬಾಗಿಲತನಕ ತರಬಹುದು, ಅವನ ಒಳಗಿನ ನಂಬಿಕೆಯನ್ನು ತರಲಾಗದು. ಪಕ್ಕದ ಮನೆಯವನ ಧರ್ಮ ತಪ್ಪು ಅಂತ ನನಗೆ ನೂರಕ್ಕೆ ನೂರು ಖಾತ್ರಿ ಇದ್ದರೂ, ಅವನ ತಪ್ಪಿನಿಂದ ನನ್ನ ಹೊಲದಲ್ಲಿ ಒಂದು ಗುಂಟೆಯೂ ಕಮ್ಮಿ ಆಗೋದಿಲ್ಲ. ಈ ಧಾಟಿಯಲ್ಲಿ, ಊರ ಹಿರಿಯನೊಬ್ಬ ಕಟ್ಟೆ ಮೇಲೆ ಕೂತು ಜಗಳ ಬಿಡಿಸುವ ಹಾಗೆ, ಲಾಕ್ ಒಂದೊಂದೇ ಎಳೆ ಬಿಡಿಸುತ್ತಾನೆ.

ಅವನು ವಕಾಲತ್ತು ಮಾಡುತ್ತಿದ್ದುದು ಮುಖ್ಯವಾಗಿ ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಹೊರಗುಳಿದ ಪ್ರಾಟೆಸ್ಟೆಂಟ್ ಪಂಗಡಗಳ ಪರವಾಗಿ. ಅವರಿಗೂ ನಮ್ಮ ಬಳ್ಳಾರಿಗೂ ನಂಟು ಇದೆ. ನಿಜಾಮ ಈ ಸೀಮೆಯನ್ನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಬೈಬಲ್ಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ಕೂತ. ಆ ಸೊಸೈಟಿಯಲ್ಲಿ ಇದ್ದವರು ಹೆಚ್ಚಿನಂಶ ಇದೇ ಹೊರಗಿನ ಪಂಗಡಗಳವರು. 1689ರ ಸಹಿಷ್ಣುತಾ ಕಾಯ್ದೆ ಅವರಿಗೆ ತಮ್ಮದೇ ಪ್ರಾರ್ಥನಾ ಮಂದಿರ ನಡೆಸಿಕೊಳ್ಳಲು ಬಿಟ್ಟಿತು; ಆದರೆ ಕಾನೂನಿನ ಪ್ರಕಾರ ಸರ್ಕಾರಿ ಹುದ್ದೆ ಬೇಕೆಂದರೆ ಅಧಿಕೃತ ಚರ್ಚಿನ ಪ್ರಸಾದ ತೆಗೆದುಕೊಳ್ಳಬೇಕು ಎಂಬ ನಿಯಮ 1828ರವರೆಗೂ ಪುಸ್ತಕದಲ್ಲಿತ್ತು. ಅಂದರೆ ಬಳ್ಳಾರಿಯ ಬಿಸಿಲಿಗೆ ಬಂದು ನಮಗೆ ಧರ್ಮ ಹೇಳಿದ ಆ ಬಿಳಿಯರು ತಮ್ಮ ಊರಲ್ಲಿ ಎರಡನೇ ದರ್ಜೆಯವರು. ಕ್ಯಾಥೊಲಿಕರಿಗಂತೂ 1689ರ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ.

ಲಾಕ್‌ನ ಪತ್ರದಲ್ಲೂ ಅಷ್ಟೇ. ಮುಕ್ಕಾಲು ದಾಟಿದ ಮೇಲೆ ಎಕ್ಸೆಪ್ಶನ್ ಬ್ಲಾಕ್ ಶುರುವಾಗುತ್ತದೆ. ನಾಸ್ತಿಕರಿಗೆ ಸಹಿಷ್ಣುತೆ ಇಲ್ಲ, ಯಾಕೆಂದರೆ ದೇವರನ್ನೇ ನಂಬದವನ ಆಣೆಗೆ ಬೆಲೆ ಏನು? ಇನ್ನೊಂದು ಷರತ್ತು ಇದಕ್ಕಿಂತ ನಾಜೂಕು. ಯಾವ ಚರ್ಚಿಗೆ ಸೇರಿದರೆ, ಸೇರಿದ ಕಾರಣಕ್ಕೇ, ಮನುಷ್ಯ ಇನ್ನೊಬ್ಬ ದೊರೆಯ ಸೇವೆಗೆ ಒಳಪಡುತ್ತಾನೋ, ಅಂಥ ಚರ್ಚಿಗೆ ಸಹಿಷ್ಣುತೆ ಕೇಳುವ ಹಕ್ಕಿಲ್ಲ. ಉದಾಹರಣೆ ಕೊಡುವಾಗ ಲಾಕ್ ಕ್ಯಾಥೊಲಿಕರ ಹೆಸರು ಎತ್ತುವುದಿಲ್ಲ. ಒಬ್ಬ ಮುಸಲ್ಮಾನ, ಕಾನ್‌ಸ್ಟಾಂಟಿನೋಪಲಿನ ಮುಫ್ತಿಗೆ ಕುರುಡಾಗಿ ವಿಧೇಯ. ಆ ಮುಫ್ತಿಯೋ ಆಟೊಮನ್ ಸುಲ್ತಾನನ ಕೈಯಾಳು. ಹಾಗಿದ್ದ ಮೇಲೆ ಅವನು ಕ್ರೈಸ್ತ ದೊರೆಗೆ ನಂಬಿಗಸ್ತ ಪ್ರಜೆ ಹೇಗಾದಾನು, ಅಂತ ಕೇಳುತ್ತಾನೆ. ಮುಫ್ತಿ ಅಂದರೆ ಪೋಪ್ ಅಂತ ಅಂದಿನ ಲಂಡನ್ ಓದುಗನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಇನ್ನೊಂದು ಕಡೆ ಇದೇ ಲಾಕ್, ರೊಟ್ಟಿಯನ್ನು ಕ್ರಿಸ್ತನ ದೇಹ ಅಂತ ಕ್ಯಾಥೊಲಿಕನೊಬ್ಬ ನಂಬಿದರೆ ಪಕ್ಕದ ಮನೆಯವನಿಗೆ ನಷ್ಟ ಏನು ಅಂತ ಕೇಳಿದ್ದಾನೆ. ಅವರ ದೇವರು, ಅವರ ಪೂಜೆ, ಅವರ ರೊಟ್ಟಿ ಯಾವುದಕ್ಕೂ ಅವನ ತಕರಾರಿಲ್ಲ. ತಕರಾರು ನಿಷ್ಠೆಯದು: ನೀನು ಯಾರ ಕಡೆಯವನು?

ಆ ಹೆದರಿಕೆ ಪೂರ್ತಿ ಹುಸಿಯಾಗಿರಲಿಲ್ಲ, ಅದನ್ನು ಒಪ್ಪಬೇಕು. 1570ರಲ್ಲಿ ಪೋಪ್ ಐದನೇ ಪಯಸ್, ರಾಣಿ ಎಲಿಜಬೆತಳನ್ನು ಬಹಿಷ್ಕರಿಸಿ, ಅವಳ ಪ್ರಜೆಗಳು ಅವಳ ಮಾತು ಕೇಳಬೇಕಿಲ್ಲ ಅಂತ ಆದೇಶ ಹೊರಡಿಸಿದ್ದ. 1605ರಲ್ಲಿ ಕೆಲವು ಕ್ಯಾಥೊಲಿಕರು ಪಾರ್ಲಿಮೆಂಟಿನ ಕೆಳಗೆ ನಿಜವಾಗಿಯೂ ಮದ್ದು ತುಂಬಿಟ್ಟಿದ್ದರು. ಲಾಕ್ ಪತ್ರ ಬರೆದ 1685ರಲ್ಲೇ ಫ್ರಾನ್ಸಿನ ಹದಿನಾಲ್ಕನೇ ಲೂಯಿ ತನ್ನ ಪ್ರಾಟೆಸ್ಟೆಂಟ್ ಪ್ರಜೆಗಳಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದ. ಇಂಗ್ಲೆಂಡಿನ ಸಿಂಹಾಸನಕ್ಕೆ ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸ್ ಬಂದದ್ದೂ ಅದೇ ವರ್ಷ. ಹೆದರಿಕೆಗೆ ಹೀಗೆ ಒಂದಿಷ್ಟು ಅಸಲು ಇತ್ತು. ಅದರ ಮೇಲೆ ಬೆಳೆದ ಬಡ್ಡಿ ಮಾತ್ರ ವಿಪರೀತ.

1666ರಲ್ಲಿ ಲಂಡನ್ನಿಗೆ ಬೆಂಕಿ ಬಿತ್ತು. ಶುರುವಾದದ್ದು ಒಂದು ಬೇಕರಿಯಲ್ಲಿ. ಹಚ್ಚಿದವರು ಕ್ಯಾಥೊಲಿಕರು ಅಂತ ಸುದ್ದಿ ಓಡಿತು. 1678ರಲ್ಲಿ ಟೈಟಸ್ ಓಟ್ಸ್ ಅನ್ನೋ ಒಬ್ಬ ಸುಳ್ಳುಗಾರ, ರಾಜನನ್ನು ಕೊಲ್ಲಲು ಕ್ಯಾಥೊಲಿಕರು ಸಂಚು ಮಾಡಿದ್ದಾರೆ ಅಂತ ಕತೆ ಕಟ್ಟಿದ. ಸಂಚೇ ಇರಲಿಲ್ಲ, ಆದರೆ ಗಲ್ಲು ಇತ್ತು. 1681ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಆಲಿವರ್ ಪ್ಲಂಕೆಟ್‌ನನ್ನೂ ಲಂಡನ್ನಿಗೆ ತಂದು ಕೊಂದರು. ಅದೇ ವರ್ಷ, ಬೆಂಕಿಯ ನೆನಪಿಗೆ ನಿಲ್ಲಿಸಿದ್ದ ಸ್ಮಾರಕದ ಮೇಲೆ, ಬೆಂಕಿ ಹಚ್ಚಿದವರು ಪೋಪನ ಕಡೆಯವರು ಅನ್ನೋ ಅರ್ಥದ ಸಾಲುಗಳನ್ನು ಕೆತ್ತಿಸಿದರು. ಜೇಮ್ಸ್ ಬಂದಾಗ ಅಳಿಸಿದರು, ಅವನು ಓಡಿಹೋದ ಮೇಲೆ ಮತ್ತೆ ಕೆತ್ತಿದರು. ಆ ಸುಳ್ಳು ಕಲ್ಲಿನಿಂದ ಖಾಯಂ ಆಗಿ ಹೋದದ್ದು 1830ರಲ್ಲಿ. ಇವತ್ತಿನ ವಾಟ್ಸಾಪ್ ಫಾರ್ವರ್ಡಿಗೆ ಕನಿಷ್ಠ ಡಿಲೀಟ್ ಬಟನ್ ಆದರೂ ಐತಿ.

ಲಾಕ್ ಈ ಗಾಳಿಯಿಂದ ದೂರ ನಿಂತಿದ್ದ ಸಂತ ಅಲ್ಲ. ಅವನ ಒಡೆಯ ಶಾಫ್ಟ್ಸ್‌ಬರಿ, ಓಟ್ಸ್ ಎಬ್ಬಿಸಿದ ಗದ್ದಲವನ್ನು ರಾಜಕೀಯಕ್ಕೆ ಚೆನ್ನಾಗಿ ಬಳಸಿಕೊಂಡವನು. ಹಾಗಂತ ಲಾಕ್‌ಗೆ ಬೇರೆ ದಾರಿ ಕಂಡಿರಲೇ ಇಲ್ಲ ಅನ್ನುವಂತೆಯೂ ಇಲ್ಲ. ಅಮೆರಿಕದ ಅನ್ನಾಪೊಲಿಸ್‌ನ ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದ ಅವನ ಕೈಬರಹವೊಂದು 2019ರಲ್ಲಿ ಬೆಳಕಿಗೆ ಬಂತು. 1667–68ರ ಹೊತ್ತಿನದು. ಅದರಲ್ಲಿ ಅವನು ಕ್ಯಾಥೊಲಿಕರನ್ನು ಉಳಿದವರಂತೆಯೇ ಸಹಿಸಲು ಇರುವ ಕಾರಣಗಳನ್ನು ಪಟ್ಟಿ ಮಾಡಿದ್ದಾನೆ, ಅದರ ಜೊತೆಗೆ ಸಹಿಸದಿರಲು ಇರುವ ಕಾರಣಗಳನ್ನೂ. ಎರಡೂ ಕಾಲಮ್ ತುಂಬಿಸಿ ನೋಡಿದ ಮನುಷ್ಯ ಅವನು. ಇಪ್ಪತ್ತು ವರ್ಷದ ನಂತರ ಅಚ್ಚಿಗೆ ಕೊಡುವಾಗ ಮೊದಲ ಕಾಲಮ್ ಉಳಿಯಲಿಲ್ಲ.

ಪತ್ರದ ದೊಡ್ಡ ದೋಷ ಅಂತ ನನಗೆ ಅನ್ನಿಸೋದು ಆ ಷರತ್ತು ಇರೋದಲ್ಲ. ಪರದೇಶದ ದೊರೆಗೆ ಕೆಲಸ ಮಾಡುವವನನ್ನು ಯಾವ ರಾಜ್ಯವಾದರೂ ಹಿಡಿಯುತ್ತದೆ, ಹಿಡಿಯಲಿ. ಆದರೆ ಪರೀಕ್ಷೆ ಮಾಡುವವರು ಯಾರು, ಪುರಾವೆ ಏನು, ಒಬ್ಬನ ತಪ್ಪಿಗೆ ಎಷ್ಟು ಜನ ಹೊಣೆ ಅನ್ನೋ ಪ್ರಶ್ನೆಗಳಿಗೆ ಆ ಜಾಗದಲ್ಲಿ ಉತ್ತರವೇ ಇಲ್ಲ. ಅಲ್ಲಿಯತನಕ ಒಬ್ಬೊಬ್ಬನ ಅಂತಃಕರಣದ ಬಗ್ಗೆ ಮಾತಾಡುತ್ತಿದ್ದವನು ಆ ಪ್ಯಾರಾದಲ್ಲಿ ಇದ್ದಕ್ಕಿದ್ದಂತೆ ಇಡೀ ಚರ್ಚಿನ ಬಗ್ಗೆ ಮಾತಾಡುತ್ತಾನೆ. ನಂಬಿಕೆಯ ವಿಷಯಕ್ಕೆ ಮನುಷ್ಯ ಒಬ್ಬೊಬ್ಬನೇ, ಅನುಮಾನದ ವಿಷಯಕ್ಕೆ ಎಲ್ಲರೂ ಒಟ್ಟಿಗೆ. ಲಾಕ್ ಆ ಪ್ಯಾರಾದಲ್ಲಿ ಹೇಳಿದ್ದು ಇನ್ನೂ ಕಿರಿದಾದ ಗುಂಪಿಗೆ, ಎಲ್ಲ ಕ್ಯಾಥೊಲಿಕರಿಗೂ ಅಲ್ಲ ಅಂತ ವಾದಿಸುವ ವಿದ್ವಾಂಸರಿದ್ದಾರೆ. ಇರಬಹುದು. ಬೀದಿಯಲ್ಲಿ ಕಲ್ಲು ಹಿಡಿದವರು ಅಷ್ಟು ಸೂಕ್ಷ್ಮವಾಗಿ ಓದಲಿಲ್ಲ.

ಆ ಕಲ್ಲುಗಳ ಒಂದು ತಾರೀಖು 1780ರ ಜೂನ್. ಕ್ಯಾಥೊಲಿಕರ ಮೇಲಿನ ಕೆಲವು ನಿರ್ಬಂಧಗಳನ್ನು ಪಾರ್ಲಿಮೆಂಟ್ 1778ರಲ್ಲಿ ಸಡಿಲಿಸಿತ್ತು, ಸೈನ್ಯಕ್ಕೆ ಜನ ಬೇಕಿತ್ತು ಅನ್ನೋದೂ ಒಂದು ಕಾರಣ. ಅದನ್ನು ವಾಪಸ್ ಪಡೆಯಿರಿ ಅಂತ ಲಾರ್ಡ್ ಜಾರ್ಜ್ ಗಾರ್ಡನ್ ಹಿಂದೆ ಹೊರಟ ಪ್ರಾಟೆಸ್ಟೆಂಟ್ ಗುಂಪು ಲಂಡನ್ನಿನಲ್ಲಿ ಕ್ಯಾಥೊಲಿಕ್ ಪ್ರಾರ್ಥನಾ ಮಂದಿರಗಳನ್ನು ಸುಟ್ಟಿತು, ನ್ಯೂಗೇಟ್ ಜೈಲನ್ನೂ ಸುಟ್ಟಿತು. ಸೈನ್ಯ ಗುಂಡು ಹಾರಿಸಿ ನೂರಾರು ಜನ ಸತ್ತರು. (ಈ ಗಾರ್ಡನ್ ಆಮೇಲೆ ಯಹೂದಿ ಧರ್ಮಕ್ಕೆ ಸೇರಿ, 1793ರಲ್ಲಿ ಅದೇ ನ್ಯೂಗೇಟ್ ಜೈಲಿನಲ್ಲಿ ಸತ್ತ. ಯಾರಾದರೂ ಸಿನಿಮಾ ಮಾಡಬೇಕು.)

ಅದಾಗಿ ನಾಲ್ಕು ವರ್ಷಕ್ಕೆ, 1784ರ ಫೆಬ್ರವರಿಯಲ್ಲಿ, ನಮ್ಮ ಮಂಗಳೂರು. ಇಂಗ್ಲಿಷರ ಜೊತೆಗಿನ ಯುದ್ಧ ಮುಗಿಯುತ್ತ ಬಂದಿತ್ತು, ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಗುವುದಿತ್ತು. ಕರಾವಳಿಯ ಕ್ಯಾಥೊಲಿಕರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರು ಅನ್ನೋದು ಟಿಪ್ಪುವಿನ ಆರೋಪ. ವಿಭೂತಿ ಬುಧವಾರದ ದಿನ ಹಿಡಿದರು ಅಂತ ಆ ಸಮುದಾಯ ಇವತ್ತಿಗೂ ನೆನೆಯುತ್ತದೆ. ಮುದುಕರು, ಬಸುರಿಯರು, ಕೂಸುಗಳು ಅನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನ ಅನ್ನೋದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ, 30 ಸಾವಿರದಿಂದ 60 ಸಾವಿರದವರೆಗೂ ಬರೆದವರಿದ್ದಾರೆ. ದಾರಿಯಲ್ಲಿ ಸತ್ತವರು ಬಹಳ, ಸೆರೆಯಲ್ಲಿ ಸತ್ತವರು ಇನ್ನೂ ಬಹಳ, ಬಲವಂತದ ಮತಾಂತರ ಬೇರೆ. ಉಳಿದವರು ಊರಿಗೆ ಮರಳಿದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ರಿ. ಲಂಡನ್ನಿನಲ್ಲಿ ಕ್ಯಾಥೊಲಿಕ ಸಾಕಷ್ಟು ಇಂಗ್ಲಿಷನಲ್ಲ ಅನ್ನೋ ಅನುಮಾನ. ಮಂಗಳೂರಿನಲ್ಲಿ ಅದೇ ಕ್ಯಾಥೊಲಿಕ ಇಂಗ್ಲಿಷರ ಕಡೆಯವನು ಅನ್ನೋ ಅನುಮಾನ. ಒಂದೇ ಜಪಮಾಲೆ, ನಾಲ್ಕೇ ವರ್ಷದ ಅಂತರ, ಎರಡೂ ಕಡೆ ಅಪರಾಧ ಮಾತ್ರ ಅದಲುಬದಲು. ಕ್ಯಾಥೊಲಿಕರಲ್ಲಿ ಕೆಲವರು ಇಂಗ್ಲಿಷರಿಗೆ ಅಕ್ಕಿಯನ್ನೋ ಹಣವನ್ನೋ ಕೊಟ್ಟಿದ್ದಾರೆ ಅಂತಲೇ ಇಟ್ಟುಕೊಳ್ಳೋಣ. ತೊಟ್ಟಿಲಲ್ಲಿದ್ದ ಕೂಸು ಏನು ಕೊಟ್ಟಿತ್ತು?

ಇಲ್ಲಿಗೆ ಬಂದ ಕೂಡಲೇ ಒಬ್ಬರು ಶೃಂಗೇರಿಯ ಮಾತು ತೆಗೆಯುತ್ತಾರೆ. ಸರಿಯಾದ ಮಾತೇ. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿಯನ್ನು ಲೂಟಿ ಮಾಡಿದಾಗ ಟಿಪ್ಪು ಸ್ವಾಮಿಗಳಿಗೆ ಗೌರವದಿಂದ ಕಾಗದ ಬರೆದ, ಮತ್ತೆ ಪ್ರತಿಷ್ಠೆ ಮಾಡಲು ನೆರವು ಕೊಟ್ಟ. ಆ ಕಾಗದಗಳನ್ನು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ನಮ್ಮ ಜಗಳಗಳಲ್ಲಿ ಒಬ್ಬ ಶೃಂಗೇರಿ ಎಸೆಯುತ್ತಾನೆ, ಇನ್ನೊಬ್ಬ ಮಂಗಳೂರು ಎಸೆಯುತ್ತಾನೆ, ಒಂದನ್ನು ಒಪ್ಪಿದರೆ ಇನ್ನೊಂದು ಸುಳ್ಳಾಗಬೇಕು ಅನ್ನೋ ಹಾಗೆ. ಲಾಕ್ ಓದಿದ ಮೇಲೆ ನನಗೆ ಎರಡೂ ನಿಜ ಅನ್ನೋದರಲ್ಲಿ ತೊಡಕೇ ಕಾಣಲಿಲ್ಲ. ಶೃಂಗೇರಿಯ ನಿಷ್ಠೆ ಅವನಿಗೆ ಅನುಮಾನ ಹುಟ್ಟಿಸಲಿಲ್ಲ, ಹಾಗಾಗಿ ಗೌರವ ಸಿಕ್ಕಿತು. ಮಂಗಳೂರಿನವರ ನಿಷ್ಠೆ ಹುಟ್ಟಿಸಿತು, ಷರತ್ತು ಅನ್ವಯವಾಯಿತು. ಹಾಲೆಂಡಿನಲ್ಲಿ ಕೂತ ತತ್ವಜ್ಞಾನಿಯ ಪ್ಯಾರಾವನ್ನು ಓದದೆಯೇ ಒಬ್ಬ ಸುಲ್ತಾನ ಜಾರಿಗೆ ತಂದಂತಿದೆ ಅದು.

ಸುಲ್ತಾನರ ಮಾತು ಯಾಕೆ. ಒಂದು ಭಾರತ-ಪಾಕಿಸ್ತಾನ ಮ್ಯಾಚಿನ ಸಂಜೆ ನಾವೊಂದಿಷ್ಟು ಜನ ಆಫೀಸಿನ ಕ್ಯಾಂಟೀನಿನಲ್ಲಿ ಟಿವಿ ಮುಂದೆ ನಿಂತಿದ್ದೆವು. ಅವರ ಕಡೆಯವನೊಬ್ಬ ಒಳ್ಳೆಯ ಸಿಕ್ಸ್ ಹೊಡೆದ. ನಮ್ಮ ಟೀಮಿನಲ್ಲಿ ಒಬ್ಬನೇ ಮುಸ್ಲಿಂ ಹುಡುಗ, ನನಗಿಂತ ಚೆನ್ನಾಗಿ ಕ್ರಿಕೆಟ್ ಗೊತ್ತಿರುವವನು, ನನ್ನ ಪಕ್ಕದಲ್ಲೇ ಇದ್ದ. ಚೆಂಡು ಬೌಂಡರಿ ದಾಟುವುದನ್ನು ನೋಡಬೇಕಾದ ನಾನು ಅವನ ಮುಖ ನೋಡಿದೆ. ಅರೆಕ್ಷಣ ಅಷ್ಟೇ. ಅವನು ಟಿವಿ ನೋಡುತ್ತಿರಲಿಲ್ಲ; ಯಾರು ತನ್ನನ್ನು ನೋಡುತ್ತಾರೆ ಅಂತ ನೋಡುತ್ತಿದ್ದ. ಮುಂದಿನ ಮ್ಯಾಚಿಗೆ ಅವನು ವರ್ಕ್ ಫ್ರಮ್ ಹೋಮ್ ಹಾಕಿದ. ಲಾಕ್‌ನ ಆ ಪ್ಯಾರಾ ಓದುವಾಗ ನನಗೆ ಸಿಟ್ಟಿಗಿಂತ ಮೊದಲು ನಾಚಿಕೆ ಆದದ್ದು ಇದೇ ಕಾರಣಕ್ಕೆ.

ಹಾಗಾದರೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಪಠ್ಯ ಇಲ್ಲವಾ? ಇದೆ, ಲಾಕ್‌ಗಿಂತ 300 ವರ್ಷ ಹಿಂದಿನದು, ಹಂಪಿಯ ದೊರೆಯದು. ಹೈಸ್ಕೂಲಿನಲ್ಲಿ ಬುಕ್ಕರಾಯ ಜೈನರಿಗೂ ವೈಷ್ಣವರಿಗೂ ರಾಜಿ ಮಾಡಿಸಿದ ಅಂತ ಎರಡು ಸಾಲು ಓದಿ, ಎರಡು ಮಾರ್ಕು ತಗೊಂಡು ಮರೆತಿದ್ದೆ. ಶ್ರವಣಬೆಳಗೊಳದಲ್ಲಿರುವ ಆ 1368ರ ಶಾಸನವನ್ನು ಪೂರ್ತಿ ಓದಿದ್ದು ಈಗ. ಪಠ್ಯಪುಸ್ತಕದ ಎರಡು ಸಾಲಿಗಿಂತ ಅದು ತುಂಬ ವಿಚಿತ್ರವಾಗಿದೆ, ಅದಕ್ಕೇ ತುಂಬ ಒಳ್ಳೆಯದೂ ಆಗಿದೆ.

ವೈಷ್ಣವ ಭಕ್ತರು ತಮಗೆ ಅನ್ಯಾಯ ಮಾಡುತ್ತಿದ್ದಾರೆ ಅಂತ ಆನೆಗೊಂದಿ, ಪೆನುಗೊಂಡೆ ಮುಂತಾದ ಕಡೆಯ ಜೈನರು ಬುಕ್ಕರಾಯನಿಗೆ ಬಿನ್ನಹ ಮಾಡುತ್ತಾರೆ. ದೊರೆ ಎರಡೂ ಕಡೆಯವರನ್ನು ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಡುತ್ತಾನೆ. ವೈಷ್ಣವರ ಕಡೆ ನಿಂತವರ ಪಟ್ಟಿಯಲ್ಲಿ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರಷ್ಟೇ ಅಲ್ಲ, ನೀರು ಹೊರುವವರು, ತಿರಿಕುಲ ಜಾಂಬವಕುಲದವರವರೆಗೂ ಇದ್ದಾರೆ. ಕಲ್ಲು ಎಸೆಯುವವರು ಸಾಮಾನ್ಯವಾಗಿ ಆಚಾರ್ಯರಲ್ಲ ಅನ್ನೋದು ಆ ಗುಮಾಸ್ತನಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಜೈನರಿಗೆ ಹಿಂದಿನಂತೆ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಉಂಟು. ಭಕ್ತರಿಂದ ಜೈನರಿಗೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮದೇ ಹಾನಿ ಅಂತ ಪಾಲಿಸಬೇಕು. ಈ ಶಾಸನವನ್ನು ನಾಡಿನ ಬಸದಿಗಳಲ್ಲೆಲ್ಲ ನಿಲ್ಲಿಸುವ ಕೆಲಸವೂ ವೈಷ್ಣವರದೇ.

ಲಾಕ್ ಕಾಣದೇ ಹೋದದ್ದು ಇದು. ಅವನ ಪತ್ರದಲ್ಲಿ ಕಡಿಮೆ ಜನ ಇರುವವರು ತಾವು ಅಪಾಯವಲ್ಲ ಅಂತ ಸಾಬೀತು ಮಾಡಬೇಕು. ಬುಕ್ಕನ ಕಲ್ಲಿನಲ್ಲಿ ಬಲ ಇರುವವರು ಜವಾಬ್ದಾರಿ ಹೊರಬೇಕು, ನಿನ್ನ ಗುಂಪಿನವನು ಮಾಡಿದ ಹಾನಿ ನಿನ್ನ ಲೆಕ್ಕಕ್ಕೆ. ಜೈನರೇ, ನೀವು ನಿಷ್ಠರೋ ಅಂತ ಕಲ್ಲಿನಲ್ಲಿ ಎಲ್ಲೂ ಕೇಳಿಲ್ಲ.

ಆದರೆ ನಮ್ಮದು ಅಂತ ಕಣ್ಣು ಮುಚ್ಚಿ ಹೊಗಳಲೂ ಆಗದು. ಶಾಸನ ಶುರುವಾಗುವುದೇ ರಾಮಾನುಜರ ಸ್ತುತಿಯಿಂದ, ಪಾಷಂಡರೆಂಬ ಸಮುದ್ರಕ್ಕೆ ಅವರು ಬಡಬಾಗ್ನಿ ಅನ್ನೋ ಅರ್ಥದ ಶ್ಲೋಕದಿಂದ. ರಾಜಿ ಪತ್ರದ ಲೆಟರ್‌ಹೆಡ್ಡೇ ಒಂದು ಕಡೆಯವರದು. ಇನ್ನು ದುಡ್ಡು: ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಿ, ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ 20 ಜನ ಕಾವಲುಗಾರರನ್ನು ಇಡಬೇಕು, ಉಳಿದದ್ದರಲ್ಲಿ ಬಿದ್ದ ಬಸದಿಗಳಿಗೆ ಸುಣ್ಣ-ದುರಸ್ತಿ ಮಾಡಿಸಬೇಕು. ಅನ್ಯಾಯ ಆದದ್ದು ಜೈನರಿಗೆ, ಮೇಂಟೆನೆನ್ಸ್ ಕಟ್ಟುವವರೂ ಜೈನರು, ಅದರ ಉಸ್ತುವಾರಿ ವೈಷ್ಣವ ಗುರುವಿನ ಕೈಯಲ್ಲಿ!

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಪಠ್ಯಪುಸ್ತಕದವರು ಮೆಚ್ಚುವ ಮಾತೇ: ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಅನ್ನೋದು. ಭೇದ ಇದೆ, ಸ್ವಾಮಿ. ಜಗತ್ತಿಗೆ ಸೃಷ್ಟಿಕರ್ತ ಇದ್ದಾನೋ ಇಲ್ಲವೋ ಅನ್ನೋದು ಸಣ್ಣ ಭೇದವಾ? ಭೇದವಿಲ್ಲ ಅನ್ನೋದನ್ನು ಸಾಮಾನ್ಯವಾಗಿ ಹೇಳುವವರು ಬಲ ಇದ್ದವರು, ಕೇಳಿಕೊಂಡು ತಲೆ ಆಡಿಸುವವರು ಉಳಿದವರು. ಈ ಒಂದು ಅಂಶದಲ್ಲಿ ಲಾಕ್ ಮೇಲು. ನೀನು ನಂಬೋದು ತಪ್ಪು, ಆದರೂ ನೆಮ್ಮದಿಯಿಂದ ಬದುಕು ಅಂತ ಅವನು ನೇರ ಹೇಳುತ್ತಾನೆ.

ನಮ್ಮ ಕರೂರಿನ ಕಡೆ ಮೊಹರಮ್ಮಿಗೆ ಪೀರಲ ದೇವರು ಕೂಡಿಸುತ್ತಾರೆ, ಅಲಾಯಿ ಕುಣಿ ತೋಡುತ್ತಾರೆ. ಹರಕೆ ಹೊತ್ತು ಸಕ್ಕರೆ ಓದಿಸುವವರಲ್ಲಿ ಹಿಂದೂಗಳೇ ಜಾಸ್ತಿ. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ, ಆಹಾ, ಹಳ್ಳಿಯಲ್ಲಿ ಭೇದವೇ ಇಲ್ಲ ನೋಡಿ ಅಂತ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಭೇದ ಎಲ್ಲರಿಗೂ ಗೊತ್ತಿರುತ್ತೆ. ದೇವರು ಹಿಡಿಯುವವರು ಯಾರು, ಹಲಗೆ ಬಾರಿಸುವವರು ಯಾರು, ಯಾರ ಮನೆಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಕ್ಕೂ ಲೆಕ್ಕ ಇದೆ. ಆ ಲೆಕ್ಕದಲ್ಲಿ ಜಾತಿಯ ಅನ್ಯಾಯವೂ ಸೇರಿದೆ, ಅದನ್ನು ಮುಚ್ಚಿಡಲಾರೆ. ಆದರೂ ಹಬ್ಬ ನಡೆಯುವುದು ಆ ಲೆಕ್ಕದ ಮೇಲೆ. ಬುಕ್ಕನ ಶಾಸನದಲ್ಲೂ ಗಟ್ಟಿಯಾಗಿ ನಿಂತಿರುವುದು ವಾದ್ಯ, ಕಳಶ, ಮನೆಗೊಂದು ಹಣ, 20 ಕಾವಲುಗಾರರು. ಭೇದವಿಲ್ಲ ಅನ್ನೋ ದೊಡ್ಡ ಮಾತಲ್ಲ.

ಆ ಕಲ್ಲಿನ ಕೊನೆಯಲ್ಲಿ ಆಮೇಲೆ ಸೇರಿಸಿದ ಕೆಲವು ಸಾಲುಗಳಿವೆ. ಕಲ್ಲೆಹದ, ಅಂದರೆ ಈಗಿನ ಮಾಗಡಿ ತಾಲ್ಲೂಕಿನ ಕಲ್ಯದ, ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಅನ್ನೋ ವ್ಯಾಪಾರಿ ಮತ್ತೆ ಬುಕ್ಕರಾಯನ ಹತ್ತಿರ ಹೋಗಿ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ. ಕಲ್ಲಿನಲ್ಲಿ ಬರೆದು ಸೂರ್ಯಚಂದ್ರರಿರುವ ತನಕ ಅಂದರೂ, ಒಬ್ಬ ಸೆಟ್ಟಿ ಅಂಗಡಿ ಬಿಟ್ಟು ಫಾಲೋಅಪ್ ಮಾಡಬೇಕಾಯಿತು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಅಂತ ಪಟ್ಟ ಕಟ್ಟಿದರು. ಪಠ್ಯಪುಸ್ತಕದಲ್ಲಿ ಅವನ ಹೆಸರು ನಾನು ಓದಿದ ನೆನಪಿಲ್ಲ.